ಬರ್ತೀವಿ ಅಂತ ಹೇಳಿ ಹೋದವರು

ಹೋದ ತಿಂಗಳು ನನ್ನ ಬಲ ಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳದು. ಡಾಕ್ಟರು ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟರು. ಮನೆಯ ಹತ್ತಿರದವರಲ್ಲಿ ಎರಡು ತಿಂಗಳು ಜಾಗವಿಲ್ಲ. ನಾಲ್ಕಾರು ಕಡೆ ಫೋನ್ ಮಾಡಿದ ಮೇಲೆ ಒಬ್ಬರು ಸಿಕ್ಕರು, ವಿಳಾಸ ಹೇಳಿದರು, ಬರೆದುಕೊಂಡೆ. ಟ್ರಾಮಿನಲ್ಲಿ ಕೂತು ಬರೆದುಕೊಂಡದ್ದನ್ನು ಮತ್ತೆ ಓದಿದಾಗಲೇ ತಲೆಗೆ ಹೊಳೆದದ್ದು, ಅದು ಮಗಳ ಹಳೆಯ ಶಾಲೆಯ ಕಟ್ಟಡ ಎಂದು. ಜರ್ಮನಿಯ ಯೇನಾದಂಥ ಸಣ್ಣ ಊರಿನಲ್ಲಿ ಎಂಟು ವರ್ಷ ಆ ಬೀದಿಗೆ ಕಾಲಿಡದೆ ತಪ್ಪಿಸಿಕೊಂಡು ತಿರುಗಿದ್ದೆ. ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿತು. ಆದರೆ ಭುಜ ಕೇಳಬೇಕಲ್ಲ, ಹೋದೆ.

ಮೆಟ್ಟಿಲು ಹತ್ತುವಾಗ ಅದೇ ವಾಸನೆ ಬಂತು. ಮರದ ನೆಲಕ್ಕೆ ತಿಕ್ಕುವ ಮೇಣದ ವಾಸನೆ, ಅದರೊಳಗೆ ಒದ್ದೆ ಉಣ್ಣೆಯ ವಾಸನೆ. ಒಂದನೆಯ ಮಹಡಿಯ ಬಾಗಿಲಿಗೆ ಯಾವುದೋ ವಿಮೆ ಆಫೀಸಿನ ಬೋರ್ಡು ಇತ್ತು. ನಾನು ಹೋಗಬೇಕಾಗಿದ್ದದ್ದು ಎರಡನೆಯ ಮಹಡಿಗೆ. ಅಲ್ಲಿ ಕೋಟು ಬಿಚ್ಚಿ ತೂಗುಹಾಕಲು ಹೋದರೆ ಗೋಡೆಯ ಮೇಲಿನ ಗೂಟಗಳು ನನ್ನ ಎದೆಮಟ್ಟಕ್ಕಿಂತ ಕೆಳಗೆ. ದೊಡ್ಡವರ ಕೋಟುಗಳೆಲ್ಲ ನೆಲ ಗುಡಿಸುತ್ತಿದ್ದವು. ಕೌಂಟರಿನಲ್ಲಿದ್ದ ಹುಡುಗಿ, "ಕ್ಷಮಿಸಿ, ಇವನ್ನು ಯಾರು ಯಾಕೆ ಇಷ್ಟು ಕೆಳಗೆ ಹೊಡೆದರೋ ಗೊತ್ತಿಲ್ಲ," ಎಂದಳು. ನಾನು ಸುಮ್ಮನೆ ನಕ್ಕೆ. ಹೊಡೆದವಳು ನಾನೇ. ಎಣಿಸಿದೆ. ಹದಿನಾಲ್ಕು ಗೂಟ, ಒಂದೂ ಬಿದ್ದಿಲ್ಲ. ಹತ್ತು ವರ್ಷದ ಮಕ್ಕಳ ಕೈಗೆ ಎಟುಕಲಿ ಎಂದು ಅಳೆದು ಹೊಡೆದ ಆ ಗೂಟಗಳಿಗೆ ಒಂದು ಮಗುವಿನ ಕೋಟೂ ನೇತುಬೀಳಲಿಲ್ಲ.

ನಾವು ಧಾರವಾಡದವರು. ನಮ್ಮವರಿಗೆ ಇಲ್ಲಿನ ಲೆನ್ಸ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ಮಗಳು ಮುಕ್ತಾಗೆ ನಾಲ್ಕು ವರ್ಷ. ಪ್ರಾಥಮಿಕ ಶಾಲೆಯಲ್ಲಿ ಚೆನ್ನಾಗಿಯೇ ಇದ್ದಳು. ಐದನೆಯ ತರಗತಿಗೆ ಊರಿನ ದೊಡ್ಡ ಶಾಲೆಗೆ ಹೋದವಳು ಮಾತು ನಿಲ್ಲಿಸಿಬಿಟ್ಟಳು. ಮೊದಲು ತರಗತಿಯಲ್ಲಿ, ಆಮೇಲೆ ಮನೆಯಲ್ಲೂ. ಕೇಳಿದ್ದಕ್ಕೆ ತಲೆಯಾಡಿಸುವುದು, ಊಟ ಬೇಕಾದರೆ ತಟ್ಟೆ ತಂದು ಎದುರಿಗೆ ಇಡುವುದು. ಅಲ್ಲಿ ಏನಾಯಿತು ಎಂದು ಇವತ್ತಿಗೂ ಹೇಳಿಲ್ಲ. ನಾನು ಬೈದೆ, ಮುದ್ದು ಮಾಡಿದೆ, ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಗ ಯಾರೋ ಈ ಸಣ್ಣ ಶಾಲೆಯ ಹೆಸರು ಹೇಳಿದರು. ಶರತ್ಕಾಲದ ರಜೆ ಮುಗಿದ ಮೇಲೆ ಅಲ್ಲಿಗೆ ಸೇರಿಸಿದೆವು.

ಮೂರು ತರಗತಿ, ಮೂವತ್ತು ಚಿಲ್ಲರೆ ಮಕ್ಕಳು, ನಾಲ್ಕು ಜನ ಶಿಕ್ಷಕರು, ಹಳೆಯ ಕಾರ್ಖಾನೆ ಕಟ್ಟಡದ ಒಂದು ಮಹಡಿ. ಕಿಟಕಿ ತೆಗೆದರೆ ಸಾಲೆ ನದಿ ಕಾಣುತ್ತಿತ್ತು. ನಮ್ಮ ಕಡೆ ಶಾಲೆಗೆ ಸಾಲಿ ಅನ್ನುತ್ತೇವಲ್ಲ, ನಮ್ಮವರಿಗೆ ಅದೇ ಒಂದು ಮೋಜು. "ನಮ್ಮ ಮುಕ್ತಾನ ಸಾಲಿ ಸಾಲೆ ದಂಡಿ ಮ್ಯಾಲ ಐತಿ," ಎಂದು ಧಾರವಾಡಕ್ಕೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದರು. ಶಾಲೆ ತೆರೆದವರು ರೆನಾಟೆ. ಐವತ್ತು ದಾಟಿದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಸ್ವೆಟರಿನ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡು. ಸರ್ಕಾರಿ ಶಾಲೆಯ ಕಾಯಂ ನೌಕರಿ ಬಿಟ್ಟು ಇದಕ್ಕೆ ಕೈಹಾಕಿದ್ದರು. ಮಕ್ಕಳೆಲ್ಲ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ಅದು ಬಾಯಿಗೆ ಬರಲೊಲ್ಲದು. ಟೀಚರಮ್ಮನಿಗೆ ನಮ್ಮ ಕಡೆ ಅಕ್ಕೋರು ಎನ್ನುವುದು ರೂಢಿ. ಮನೆಯಲ್ಲಿ ಅವರು ರೆನಾಟೆ ಅಕ್ಕೋರು ಆದರು.

ಸೇರಿದ ಎರಡನೆಯ ವಾರ ಮುಕ್ತಾ ಮನೆಗೆ ಬಂದವಳೇ ಶೂ ಬಿಚ್ಚುತ್ತ, "ಮಮ್ಮಿ, ಇವತ್ತ ನಾ ಜಗಳ ಆಡಿದೆ," ಎಂದಳು. ನಾನು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟೆ. ಯಾರ ಜೊತೆ, ಯಾಕೆ ಎಂದು ಕೇಳಿದರೆ ಒಂದು ಗಂಟೆ ಹೇಳಿದಳು, ಅರ್ಧ ಕನ್ನಡ, ಅರ್ಧ ಜರ್ಮನ್. ಊರಿನಲ್ಲಿದ್ದರೆ ಅವತ್ತು ಓಣಿಗೆಲ್ಲ ಪೇಡೆ ಹಂಚುತ್ತಿದ್ದೆ. ಆ ಶಾಲೆ ಉಳಿಯಬೇಕು, ನನ್ನ ಮಗಳು ಅಲ್ಲೇ ಇರಬೇಕು. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಶಾಲೆ ಉಳಿಯುವುದು ಸಲೀಸಿರಲಿಲ್ಲ. ಇಲ್ಲಿ ಹೊಸದಾಗಿ ಶಾಲೆ ತೆರೆದರೆ ಮೊದಲ ಕೆಲವು ವರ್ಷ ಸರ್ಕಾರ ಕಾಸು ಕೊಡುವುದಿಲ್ಲ. ಆಮೇಲೆ ಮಕ್ಕಳ ತಲೆ ಎಣಿಸಿ ಕೊಡುತ್ತದೆ. ಅಲ್ಲಿಯವರೆಗೆ ತಂದೆತಾಯಿ ಕೊಡುವ ಫೀಸು, ಬ್ಯಾಂಕಿನ ಸಾಲ, ಮತ್ತೆ ಎಲ್ಲರ ಮೈಮುರಿ ದುಡಿತ. ಒಬ್ಬರು ಕಿಟಕಿ ಒರೆಸಿದರೆ ಒಬ್ಬರು ಬೆಂಚು ರಿಪೇರಿ. ಗುರುವಾರದ ಅಡುಗೆ ನನ್ನದು. ಅನ್ನ, ತೊವ್ವೆ, ಗಜ್ಜರಿ ಪಲ್ಯ. ಜರ್ಮನ್ ಮಕ್ಕಳು ತೊವ್ವೆಯನ್ನು ಸೂಪ್ ಎಂದು ಕುಡಿಯುತ್ತಿದ್ದರು; ಮುಕ್ತಾ ಆವತ್ತು ಜಗಳ ಆಡಿದ್ದು ಅದಕ್ಕೇ.

ರೆನಾಟೆ ಅಕ್ಕೋರು ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ. ಅಡುಗೆಮನೆಯ ಪಕ್ಕದ ಕರಿಹಲಗೆಯ ಬಲಗಡೆ ಖರ್ಚು ಬರೆದಿರುತ್ತಿತ್ತು. ಎಡಗಡೆ ಬರುವ ವರ್ಷದ ಐದನೆಯ ತರಗತಿಯ ಮಕ್ಕಳು, ಒಂದು ಮಗುವಿಗೆ ಒಂದು ಸೊನ್ನೆ. ಬಾಯಿಮಾತಿಗೆ ಖಾಲಿ ಸೊನ್ನೆ. ಸಹಿ ಮಾಡಿದ ಅನ್ಮೆಲ್ಡುಂಗ್, ಅಂದರೆ ಮಗುವನ್ನು ಸೇರಿಸುವ ಅರ್ಜಿ, ಕೈಗೆ ಬಂದರೆ ಆ ಸೊನ್ನೆಯೊಳಗೆ ಸುಣ್ಣ ತುಂಬುತ್ತಿದ್ದರು. ಹದಿನಾಲ್ಕು ಸೊನ್ನೆ ಆದರೆ ಮೇಲಿನ ಮಹಡಿ ಬಾಡಿಗೆಗೆ ಹಿಡಿದು ಹೊಸ ತರಗತಿ ನಡೆಸಬಹುದು ಎಂಬುದು ಅವರ ಲೆಕ್ಕ. ನವೆಂಬರಿನಲ್ಲಿ ಒಂಬತ್ತು ಇದ್ದವು.

ಶಾಲೆ ನೋಡಲು ಊರವರನ್ನೆಲ್ಲ ಕರೆಯುವ ದಿನವೊಂದಿತ್ತು. ನಾನು ಐದು ಕನ್ನಡದ ಮನೆಗಳಿಗೆ ಫೋನ್ ಮಾಡಿದೆ. ಐದೂ ಮನೆಯಲ್ಲಿ ಆ ವಯಸ್ಸಿನ ಒಂದೊಂದು ಮಗು ಇತ್ತು. ಕರೆದಿದ್ದಕ್ಕೆ ಎಲ್ಲರೂ ಬಂದರು. ಬಾಗಲಕೋಟೆಯ ಮಹಾಂತೇಶ, ಅವನ ಹೆಂಡತಿ ಶ್ರೀದೇವಿ, ಕಲಬುರಗಿಯ ಫರೀದಾ, ಇನ್ನೂ ಮೂರು ಮನೆಯವರು. ಬಟಾಟೆ ಸೂಪು ಕುಡಿದರು, ಮಕ್ಕಳ ಚಿತ್ರ ನೋಡಿದರು, ಎಲ್ಲದಕ್ಕೂ ಭಾಳ ಚಂದ ಐತ್ರಿ ಎಂದರು. ಮಹಾಂತೇಶ ಮೂಲೆಗೆ ಕರೆದು, "ವೈನಿ, ಇಲ್ಲಿ ಮಾರ್ಕ್ಸ್ ಕೊಡಂಗಿಲ್ಲಂತ, ಖರೇ ಏನ್ರಿ?" ಎಂದು ಕೇಳಿದ. ಎಂಟನೆಯ ತರಗತಿಯವರೆಗೆ ಕೊಡುವುದಿಲ್ಲ ಎಂದೆ. ಅವನ ಮುಖ ನೋಡಿಯೇ ನನಗೆ ತಿಳಿಯಬೇಕಿತ್ತು.

ಹೊರಡುವಾಗ ಒಬ್ಬೊಬ್ಬರೇ ರೆನಾಟೆ ಅಕ್ಕೋರ ಕೈಕುಲುಕಿದರು. "ಬರ್ತೀವ್ರಿ ಮೇಡಂ," ಎಂದ ಮಹಾಂತೇಶ. ಅವರಿಗೆ ಕನ್ನಡ ಬರುವುದಿಲ್ಲ ಎಂಬುದು ಅವನಿಗೆ ಆ ಹೊತ್ತಿಗೆ ನೆನಪಿರಲಿಲ್ಲ. ಫರೀದಾ ಎರಡೂ ಕೈ ಹಿಡಿದುಕೊಂಡು, "ಬರ್ತೀವಿ ಹಂಗಾರ," ಎಂದಳು. ಮನೆಯಿಂದ ಹೊರಡುವಾಗ ಹೋಗ್ತೀವಿ ಅನ್ನುವ ಮಾತು ನಮ್ಮಲ್ಲಿ ಇಲ್ಲ. ಸತ್ತವರು ಮಾತ್ರ ಹೋಗುತ್ತಾರೆ, ಬದುಕಿದವರು ಬರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ರೆನಾಟೆ ಅಕ್ಕೋರು ಮುಕ್ತಾನ ಕಡೆ ತಿರುಗಿ, ಅವರೆಲ್ಲ ಒಂದೇ ಮಾತು ಹೇಳಿದರಲ್ಲ, ಅದೇನು ಎಂದು ಕೇಳಿದರು.

"ಝೀ ಕೊಮೆನ್," ಎಂದಳು ಮುಕ್ತಾ. ಅವರು ಬರುತ್ತಾರೆ.

"ಐದೂ ಮನೆಯವರಾ?"

"ಐದೂ ಮನೆಯವರು."

ಅಲ್ಲಿದ್ದ ತಂದೆತಾಯಿಗಳು ಚಪ್ಪಾಳೆ ತಟ್ಟಿದರು. ರೆನಾಟೆ ಅಕ್ಕೋರು ಹಲಗೆಯ ಹತ್ತಿರ ಹೋಗಿ ಐದು ಖಾಲಿ ಸೊನ್ನೆ ಬರೆದರು. ನಾನು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅದು ಹಾಗಲ್ಲ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ತಿಂಗಳ ಹಿಂದೆ ಬಾಯಿ ಬಿಡದಿದ್ದ ಹುಡುಗಿ ತುಂಬಿದ ಕೋಣೆಯಲ್ಲಿ ಮಾತಾಡಿದ್ದಳು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ತಪ್ಪು ಹೇಳಿದೆ ಎಂದು ಎಲ್ಲರೆದುರು ಹೇಗೆ ಹೇಳಲಿ? ಇನ್ನೊಂದು ಆಸೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಸೊನ್ನೆ ಬಿದ್ದಿದೆ, ಇನ್ನು ಹೇಗಾದರೂ ಮಾಡಿ ಅವರನ್ನು ಒಪ್ಪಿಸಿದರಾಯಿತು ಎಂದುಕೊಂಡೆ.

ಆ ಚಳಿಗಾಲವೆಲ್ಲ ಭಾನುವಾರ ಬಂತೆಂದರೆ ಒಬ್ಬರಲ್ಲ ಒಬ್ಬರ ಮನೆಗೆ ಹೋಗುತ್ತಿದ್ದೆ. ಹಿಮ ಬಿದ್ದು ಕರಗಿ ಮತ್ತೆ ಹೆಪ್ಪುಗಟ್ಟಿದ ಕಾಲುದಾರಿಯಲ್ಲಿ ಎರಡು ಸಲ ಜಾರಿ ಬಿದ್ದೆ. ಶ್ರೀದೇವಿ ಗಿರಮಿಟ್ ಮಾಡಿ ಕೊಟ್ಟಳು, ಚಹಾ ಕೊಟ್ಟಳು, ಊರಿನ ಸುದ್ದಿ ಹೇಳಿದಳು. ಶಾಲೆಯ ಮಾತು ತೆಗೆದರೆ, "ನೋಡೂಣ ತಗೋರಿ ವೈನಿ," ಎಂದಳು. ಫರೀದಾ, "ನಮ್ಮನೆಯವ್ರಿಗೆ ಕೇಳಿ ನೋಡೂಣ," ಎಂದಳು. ನಾನೇನು ನಿನ್ನೆ ಹುಟ್ಟಿದವಳೇ? ನಮ್ಮ ಕಡೆಯವರು ನೋಡೂಣ ಅಂದರೆ ಅದರ ಅರ್ಥ ಏನೆಂದು ನನಗೆ ಗೊತ್ತಿರಲಿಲ್ಲವೇ? ಇಲ್ಲ ಎಂದು ಮುಖಕ್ಕೆ ಹೇಳಲು ದಾಕ್ಷಿಣ್ಯ, ಅದಕ್ಕೇ ನೋಡೂಣ. ನಾನೂ ಹಾಗೆ ಎಷ್ಟು ಜನರಿಗೆ ಹೇಳಿದ್ದೇನೆ.

ಮನೆಗೆ ಬಂದರೆ ನಮ್ಮವರು ಪೇಪರಿನಿಂದ ಮುಖ ಎತ್ತದೆ ಹೇಳುತ್ತಿದ್ದರು. "ಅವರು ಬರಂಗಿಲ್ಲ. ಅಕ್ಕೋರಿಗೆ ಹೇಳಿಬಿಡು. ಪಾಪ, ಅವರು ಅದನ್ನ ನಂಬ್ಯಾರ."

"ಇನ್ನೊಂದ್ ವಾರ ತಡೀರಿ," ಎನ್ನುತ್ತಿದ್ದೆ ನಾನು.

"ಪ್ರತಿ ವಾರ ಇದನ್ನ ಅಂತಿ."

ಫೆಬ್ರವರಿಯ ಒಂದು ಗುರುವಾರ ಪಾತ್ರೆ ತೊಳೆಯುತ್ತಿದ್ದೆ. ರೆನಾಟೆ ಅಕ್ಕೋರು ಟವೆಲ್ ತೆಗೆದುಕೊಂಡು ಪಕ್ಕದಲ್ಲಿ ನಿಂತು ಒರೆಸತೊಡಗಿದರು. ಕಟ್ಟಡದ ಮಾಲೀಕನಿಗೆ ಮೇಲಿನ ಮಹಡಿ ಬೇಕೋ ಬೇಡವೋ ನಾಳೆ ಹೇಳಬೇಕು, ಬೇರೆಯವರು ಕೇಳುತ್ತಿದ್ದಾರೆ ಎಂದರು. ಆ ಐದು ಮನೆಯಿಂದ ಅನ್ಮೆಲ್ಡುಂಗ್ ಒಂದೂ ಬಂದಿಲ್ಲ. ಕಾಗದಪತ್ರಕ್ಕೆ ನಿಮ್ಮವರು ತುಸು ನಿಧಾನ ಇರಬಹುದು ಎಂದುಕೊಂಡಿದ್ದೇನೆ, ಎಂದರು. ಆಮೇಲೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನೇರವಾಗಿ ಕೇಳಿದರು, ಅವರು ಬರುತ್ತಾರಾ?

ಇಲ್ಲ ಎಂದಿದ್ದರೆ ಹೊಸ ತರಗತಿ ಆಗುತ್ತಿರಲಿಲ್ಲ. ಆದರೆ ಕೆಳಗಿನ ಮಹಡಿಯಲ್ಲಿ ಇದ್ದ ಮಕ್ಕಳನ್ನೇ ಇಟ್ಟುಕೊಂಡು ಶಾಲೆ ಹೇಗೋ ಇನ್ನೊಂದು ವರ್ಷ ನಡೆಯುತ್ತಿತ್ತು, ಅಷ್ಟರಲ್ಲಿ ಸರ್ಕಾರದ ದುಡ್ಡೂ ಬರುತ್ತಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನನಗೆ ಕಂಡದ್ದು ಇಷ್ಟೇ. ಇಲ್ಲ ಎಂದರೆ ಶಾಲೆ ಮುಚ್ಚುತ್ತದೆ, ಮುಕ್ತಾ ಮತ್ತೆ ತಟ್ಟೆ ತಂದು ಎದುರಿಗೆ ಇಡುತ್ತಾಳೆ. "ಯಾ, ಝೀ ಕೊಮೆನ್," ಎಂದೆ. ಮಗಳು ಹೇಳಿದ್ದ ಅದೇ ಎರಡು ಶಬ್ದ. ಅವಳು ತಿಳಿಯದೆ ಹೇಳಿದ್ದಳು, ನಾನು ತಿಳಿದೂ ತಿಳಿದೂ ಹೇಳಿದೆ. ರೆನಾಟೆ ಅಕ್ಕೋರು ನನ್ನ ಒದ್ದೆ ಕೈಯನ್ನೇ ಹಿಡಿದು ಒತ್ತಿದರು.

ಮೇಲಿನ ಮಹಡಿ ಬಾಡಿಗೆಗೆ ಬಂತು. ಬ್ಯಾಂಕಿನಿಂದ ಮತ್ತೊಂದು ಸಾಲ. ನೆಲಕ್ಕೆ ಮೇಣ, ಗೋಡೆಗೆ ಬಣ್ಣ, ಒಂದು ದೊಡ್ಡ ಒಲೆ, ಸೆಕೆಂಡ್ ಹ್ಯಾಂಡ್ ಕುರ್ಚಿಗಳು. ಹಲಗೆಯ ಬಲಗಡೆಯ ಸಾಲು ಉದ್ದವಾಗುತ್ತ ಹೋಯಿತು. ಮಾರ್ಚಿನ ಶನಿವಾರಗಳಲ್ಲಿ ನಾವೆಲ್ಲ ಬ್ರಷ್ ಹಿಡಿದು ಅಲ್ಲೇ ಇರುತ್ತಿದ್ದೆವು. ಡ್ರಿಲ್ ಮಶೀನು ಹಿಡಿಯುವುದನ್ನು ನಾನು ಕಲಿತದ್ದೇ ಅಲ್ಲಿ. ಮುಕ್ತಾ ಗೋಡೆಗೆ ಬೆನ್ನು ಕೊಟ್ಟು ನಿಂತು, "ನನ್ನ ಕೈ ಇಲ್ಲೀ ತನಕ ಬರ್ತದ, ಇಲ್ಲಿ ಹೊಡಿ," ಎಂದು ತೋರಿಸುತ್ತಿದ್ದಳು. ಯೇನಾಕ್ಕೆ ಬಂದ ಮೇಲೆ ನಾನು ಅಷ್ಟು ಸಂತೋಷವಾಗಿ ಇದ್ದ ದಿನಗಳೇ ಇಲ್ಲ. ಸುಳ್ಳಿನ ಮೇಲೆ ನಿಂತುಕೊಂಡು ಅಷ್ಟು ಖುಷಿಯಾಗಿ ಹೇಗಿದ್ದೆನೋ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಈಸ್ಟರ್ ಕಳೆದ ಮೇಲೆ ಮಹಾಂತೇಶ ತಾನಾಗಿಯೇ ಫೋನ್ ಮಾಡಿದ. "ವೈನಿ, ತಪ್ಪ ತಿಳ್ಕೋಬ್ಯಾಡ್ರಿ. ಗಿಮ್ನಾಸಿಯುಮ್ ಸಾಲ್ಯಾಗ ಸೀಟ್ ಸಿಕ್ತು."

"ನೀವು ಬರ್ತೀವಿ ಅಂತ ಅಕ್ಕೋರಿಗೆ ಹೇಳಿದ್ರಿ," ಎಂದೆ. ಅವನ ಮೇಲೆ ಹೊರಿಸಿದರೆ ಹಗುರಾಗುತ್ತೇನೆ ಎಂದುಕೊಂಡೆನೋ ಏನೋ.

"ಹೊಂಟಾಗ ಅಂದಿರಬೇಕ್ರಿ. ಅದು ಹಂಗ ಅನ್ನೂದಲ್ಲೇನ್ರಿ? ನಿಮಗ ಗೊತ್ತಿಲ್ಲೇನು?"

ಅವನ ತಪ್ಪೇನಿತ್ತು? ಯಾರದೂ ಇರಲಿಲ್ಲ, ನನ್ನದೊಂದು ಬಿಟ್ಟು. ಉಳಿದ ನಾಲ್ಕು ಮನೆಯವರೂ ಬೇರೆ ಕಡೆ ಸೇರಿಸಿದ್ದರು. ಐದು ಖಾಲಿ ಸೊನ್ನೆಗಳು ಹಾಗೇ ಉಳಿದವು. ಹೊಸ ತರಗತಿ ಆಗುವುದು ಅನುಮಾನ ಎಂದು ಸುದ್ದಿ ಹಬ್ಬಿದ ಮೇಲೆ, ತುಂಬಿದ್ದ ಒಂಬತ್ತರಲ್ಲಿ ಮೂರು ಅಳಿಸಿಹೋದವು. ಆಮೇಲೆ ಮೇಲಿನ ತರಗತಿಯವರೂ ಹೆದರಿ ಮಕ್ಕಳನ್ನು ಬಿಡಿಸಿಕೊಂಡರು. ಬಾಡಿಗೆ, ಸಾಲ ಮಾತ್ರ ಹದಿನಾಲ್ಕು ಮಕ್ಕಳ ಲೆಕ್ಕದಲ್ಲೇ ನಿಂತಿದ್ದವು.

ಮೇ ತಿಂಗಳ ಸಭೆಯಲ್ಲಿ ರೆನಾಟೆ ಅಕ್ಕೋರು ಎದ್ದು ನಿಂತು, ಬೇಸಿಗೆ ರಜೆಯಿಂದ ಶಾಲೆ ಕಾಯಂ ಮುಚ್ಚುತ್ತದೆ ಎಂದರು. ಯಾರೋ ಎದ್ದು, ಅಷ್ಟು ಖರ್ಚು ಯಾವ ಧೈರ್ಯದ ಮೇಲೆ ಮಾಡಿದಿರಿ ಎಂದು ಕೇಳಿದರು. ಐದು ಮನೆಯವರು ಬರುತ್ತೇವೆ ಎಂದು ಹೇಳಿದ್ದರು, ಆಮೇಲೆ ಮನಸ್ಸು ಬದಲಾಯಿಸಿದರು, ಹಾಗಾಗುವುದುಂಟು ಎಂದರು. ನನ್ನ ಹೆಸರು ಎತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮುಕ್ತಾ ನನ್ನ ಪಕ್ಕದಲ್ಲೇ ಕೂತಿದ್ದಳು.

ಮನೆಗೆ ನಡೆದು ಬರುವಾಗ ಸೇತುವೆಯ ಮೇಲೆ ನಿಂತು ಕೇಳಿದಳು. "ಮಮ್ಮಿ, ಬರ್ತೀವಿ ಅಂದ್ರ ಕೊಮೆನ್ ಅಲ್ಲಾ?"

"ಹೋಗುವಾಗ ಹಂಗ ಅಂತೀವಿ ಪುಟ್ಟಿ. ಹೋಗಿ ಬರ್ತೀವಿ ಅಂತ."

"ಹಂಗಾರ ಅವರು ಬರ್ತೀವಿ ಅಂದಿರಲೇ ಇಲ್ಲ?"

ನಾನು ಅವಳ ಜಾಕೆಟ್ಟಿನ ಗುಂಡಿ ಹಾಕಿದೆ.

"ನಾ ತಪ್ಪ ಹೇಳಿದೆ," ಎಂದಳು. "ನನ್ನಿಂದ ಹಿಂಗಾತು."

ಆಗ ಹೇಳಬೇಕಿತ್ತು. ನನಗೆ ಅವತ್ತೇ ಗೊತ್ತಿತ್ತು, ಆಮೇಲೆ ನಾನೂ ಅದೇ ಸುಳ್ಳು ಹೇಳಿದೆ ಎಂದು ಹೇಳಬೇಕಿತ್ತು. ನಾನು ಅವಳ ತಲೆ ಸವರಿ, "ಇರ್ಲಿ ಬಿಡು, ನೀ ಸಣ್ಣಾಕಿ, ನಿನಗೇನು ಗೊತ್ತು," ಎಂದೆ. ನಾನು ಮಾಡಿದ ತಪ್ಪಿಗೆ ಅವಳನ್ನು ಕ್ಷಮಿಸಿದೆ. ನನ್ನಂಥ ತಾಯಿ ಇನ್ನೆಲ್ಲಾದರೂ ಇದ್ದಾಳೋ ಇಲ್ಲವೋ. ಅವಳು ನದಿಯ ಕಡೆ ನೋಡುತ್ತ ನಿಂತಿದ್ದಳು, ಕರೆದರೂ ಬೇಗ ಬರಲಿಲ್ಲ.

ಜುಲೈ ಕೊನೆಯಲ್ಲಿ ರೆನಾಟೆ ಅಕ್ಕೋರು ಮನೆಗೆ ಬಂದರು, ಗುರುವಾರದ ಅಡುಗೆಗೆ ಎಂದು ಶಾಲೆಯಲ್ಲಿಟ್ಟಿದ್ದ ನನ್ನ ಸ್ಟೀಲ್ ಪಾತ್ರೆಗಳನ್ನು ವಾಪಸ್ ಕೊಡಲು. ತಿಕ್ಕಿ ತೊಳೆದು, ಹಳೆಯ ಪೇಪರಿನಲ್ಲಿ ಸುತ್ತಿ ತಂದಿದ್ದರು. ಮನೆ ಖಾಲಿ ಮಾಡಿ ಸಮುದ್ರದ ಕಡೆ ತಂಗಿಯ ಊರಿಗೆ ಹೋಗುತ್ತೇನೆ, ಅಲ್ಲಿ ಏನಾದರೂ ಕೆಲಸ ಹುಡುಕಬೇಕು, ಸಾಲ ತೀರಬೇಕಲ್ಲ ಎಂದರು. ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದರೂ ಬಾಗಿಲಲ್ಲೇ ನಿಂತರು. ಸಭೆಯ ಮರುದಿನ ಮುಕ್ತಾ ಒಬ್ಬಳೇ ತಮ್ಮ ಕೋಣೆಗೆ ಬಂದು, ತಪ್ಪು ನನ್ನದು, ನಾನು ತಪ್ಪು ಅನುವಾದ ಮಾಡಿದೆ ಎಂದು ಹೇಳಿದ್ದನ್ನು ತಿಳಿಸಿದರು. ನಿನ್ನ ತಪ್ಪಲ್ಲ ಎಂದು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲವಂತೆ. ಇಷ್ಟು ಹೇಳಿ ನನ್ನ ಮುಖ ನೋಡಿದರು. ಫೆಬ್ರವರಿಯ ಗುರುವಾರ ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಅವರು ಕೇಳಲಿಲ್ಲ. ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೆಟ್ಟಿಲು ಇಳಿಯುವ ಮುಂಚೆ ತಿರುಗಿ ನಿಂತು, ಮುಕ್ತಾ ಹೇಳಿಕೊಟ್ಟಿದ್ದಳೇನೋ, ಕಷ್ಟಪಟ್ಟು ಒಂದೊಂದೇ ಅಕ್ಷರ ಜೋಡಿಸಿ, "ಬರ್ತೀನಿ," ಎಂದರು.

ಅವರು ಮತ್ತೆ ಬರಲಿಲ್ಲ. ನಾನೂ ಹುಡುಕಲಿಲ್ಲ.

ಮುಕ್ತಾಳನ್ನು ಇನ್ನೊಂದು ಶಾಲೆಗೆ ಸೇರಿಸಿದೆವು. ದೇವರು ದೊಡ್ಡವನು, ಮಾತು ನಿಲ್ಲಲಿಲ್ಲ. ಆದರೆ ಅಳೆದು ತೂಗಿ ಆಡುವವಳಾದಳು. ಒಂದು ಶಬ್ದ ಬಿಟ್ಟೇಬಿಟ್ಟಳು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಹೋಗ್ತೀನಿ," ಎನ್ನತೊಡಗಿದಳು. ಫೋನಿನಲ್ಲಿ ಒಮ್ಮೆ ಅದನ್ನು ಕೇಳಿಸಿಕೊಂಡ ಅಜ್ಜಿ, "ಹಂಗ ಅನಬಾರದವ್ವಾ, ಬರ್ತೀನಿ ಅನಬೇಕು," ಎಂದು ಬೈದರು. ಮುಕ್ತಾ ಶಾಂತವಾಗಿ, "ಅಜ್ಜಿ, ನಾ ಈಗ ಹೊಂಟೀನಿ. ಬರಾಕತ್ತಿಲ್ಲಲಾ," ಎಂದಳು. ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹಾಗೇ ಎಂಟು ವರ್ಷ ಕಳೆಯಿತು. ಈ ಅಕ್ಟೋಬರಿನಲ್ಲಿ ಓದಲು ಹೈಡೆಲ್‌ಬರ್ಗಿಗೆ ಹೊರಟಾಗಲೂ ಸ್ಟೇಷನ್ನಿನಲ್ಲಿ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು, "ಹೋಗ್ತೀನಿ ಮಮ್ಮಿ," ಎಂದಳು. ರೈಲು ಹೋದ ಮೇಲೂ ಆ ಶಬ್ದ ನನ್ನ ಎದೆಯಲ್ಲಿ ಕೂತಿತ್ತು.

ಹೋದ ತಿಂಗಳು ಆ ಎರಡನೆಯ ಮಹಡಿಯಲ್ಲಿ ಭುಜ ಎಳೆಸಿಕೊಂಡು, ನೆಲ ಗುಡಿಸುತ್ತಿದ್ದ ಕೋಟನ್ನು ಗೂಟದಿಂದ ತೆಗೆದುಕೊಂಡು, ಮೆಟ್ಟಿಲ ಮೇಲೇ ಕೂತು ಅವಳಿಗೆ ಫೋನ್ ಮಾಡಿದೆ. ಎಲ್ಲಿದ್ದೇನೆ ಎಂದು ಹೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ನೀನು ಹೇಳಿದ ಕ್ಷಣವೇ ತಪ್ಪು ಎಂದು ನನಗೆ ಗೊತ್ತಿತ್ತು, ತಿದ್ದಲಿಲ್ಲ. ಫೆಬ್ರವರಿಯಲ್ಲಿ ಅಕ್ಕೋರು ನನ್ನನ್ನೇ ಕೇಳಿದ್ದರು, ಬರುತ್ತಾರೆ ಎಂದವಳು ನಾನು. ಶಾಲೆ ಮುಚ್ಚಿದ್ದು ನನ್ನಿಂದ, ನಿನ್ನಿಂದ ಅಲ್ಲ.

ಫೋನನ್ನು ಎಡಗಿವಿಗೆ ಒತ್ತಿ ಹಿಡಿದೆ.

"ಎಂಟ್ ವರ್ಷ, ಮಮ್ಮಿ," ಎಂದಳು.

"ಹೌದು."

"ನಾ ಹನ್ನೊಂದ್ ವರ್ಷದಾಕಿ ಇದ್ದೆ."

"ಹೌದು," ಎಂದೆ. ಕ್ಲಾಸಿದೆ ಎಂದಳು. ಹೋಗ್ತೀನಿ ಎಂದೂ ಹೇಳಲಿಲ್ಲ.

ಅದಾದ ಮೇಲೆ ಎರಡು ವಾರ ನಮ್ಮವರ ಜೊತೆ ಮಾತ್ರ ಮಾತಾಡಿದಳು. ಮೊನ್ನೆ ನಾನೇ ಧೈರ್ಯ ಮಾಡಿ ಫೋನ್ ತೆಗೆದುಕೊಂಡು, "ಕ್ರಿಸ್‌ಮಸ್ ಸೂಟಿಗೆ ಬರ್ತಿಯಲ್ಲಾ?" ಎಂದು ಕೇಳಿದೆ. ಬರುವುದಿದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷ ಅವಳ ಬಾಯಲ್ಲಿ ಮೂರನೆಯ ಮಾತು ಕೇಳಿದವಳಲ್ಲ.

"ನೋಡೂಣ, ಮಮ್ಮಿ," ಎಂದಳು.

ಧಾರವಾಡದಲ್ಲಿ ಹುಟ್ಟಿ ಬೆಳೆದವಳು ನಾನು, ಆ ಮಾತಿನ ಅರ್ಥ ನನಗೆ ಗೊತ್ತು. ಆದರೆ ಅವಳು ಇಲ್ಲಿ ಬೆಳೆದವಳು, ನೋಡೂಣ ಎಂದರೆ ನಿಜವಾಗಿಯೂ ನೋಡುತ್ತಾಳೇನೋ. ಒಂದೇ ಕೈಯಲ್ಲಿ ಒದ್ದಾಡಿಕೊಂಡು ಅವಳ ಹಾಸಿಗೆಗೆ ಒಗೆದ ಚಾದರ ಹಾಕಿ ಬಂದಿದ್ದೇನೆ.